ಮೂರನೇ ಗೇರ್ ಹಾರುವ ಹಳೆಯ 407: ಬಾಕ್ಸ್ ಇಳಿಸುವ ಮೊದಲು ನೋಡಬೇಕಾದದ್ದು

ಪ್ರಶ್ನೆ: ನಾನು ತಮಿಳುನಾಡಿನ ತಾಳವಾಡಿಗೆ ಸೇರಿದ ಹಳ್ಳಿಯೊಂದರಲ್ಲಿ ಕೋಸು, ಟೊಮೆಟೊ ಬೆಳೆಯುತ್ತೇನೆ. ಕಳೆದ ವರ್ಷ ದಲ್ಲಾಳಿಯೊಬ್ಬರ ಮೂಲಕ 2008ರ ಮಾದರಿಯ ಟಾಟಾ 407 ಗಾಡಿಯನ್ನು 1,80,000 ರೂಪಾಯಿಗೆ ಕೊಂಡೆ. ದಿಂಬಂ ಘಾಟಿ ಇಳಿದು ಸತ್ಯಮಂಗಲ, ಮೆಟ್ಟುಪಾಳ್ಯದ ಮಾರುಕಟ್ಟೆಗಳಿಗೆ ತರಕಾರಿ ಸಾಗಿಸುತ್ತೇನೆ. ಕೆಲವು ತಿಂಗಳಿಂದ ಘಾಟಿ ಇಳಿಯುವಾಗ ಮೂರನೇ ಗೇರ್ ತಾನಾಗಿಯೇ ನ್ಯೂಟ್ರಲ್‌ಗೆ ಹಾರುತ್ತಿದೆ. ಜೊತೆಗಿರುವ ಹುಡುಗ ಲಿವರನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು ಕೂರುತ್ತಾನೆ. ಮೂರರಿಂದ ಎರಡಕ್ಕೆ ಹಾಕುವಾಗ ಕಿರ್ರೆನ್ನುತ್ತದೆ, ಬೆಳಗಿನ ಹೊತ್ತು ಇನ್ನೂ ಹೆಚ್ಚು. ಗಾಡಿ ನಿಂತಿದ್ದಾಗ ನ್ಯೂಟ್ರಲ್‌ನಲ್ಲಿ ಗುಂಯ್ ಎನ್ನುವ ಸದ್ದಿದೆ, ಕ್ಲಚ್ ಒತ್ತಿದರೆ ಅದು ನಿಲ್ಲುತ್ತದೆ. ಬಾಕ್ಸಿನ ಕೆಳಗೆ ಎಣ್ಣೆಯ ಹನಿ ಕಾಣುತ್ತದೆ. ಒಂದು ವರ್ಕ್‌ಶಾಪಿನವರು ಇಡೀ ಗೇರ್ ಬಾಕ್ಸ್ ಬಿಚ್ಚಿ ಸರಿಮಾಡಲು 45,000 ಕೇಳಿದ್ದಾರೆ. ಇನ್ನೊಬ್ಬರು 22,000ಕ್ಕೆ ಹಳೆಯ ಬಾಕ್ಸ್ ಕೂರಿಸಿಕೊಡುತ್ತೇನೆ ಎನ್ನುತ್ತಾರೆ. ಗಾಡಿ ಕೊಂಡ ಬೆಲೆಯೇ ಕಡಿಮೆ ಇರುವಾಗ ಇಷ್ಟು ಖರ್ಚು ಮಾಡುವುದೋ, ಮಾರಿಬಿಡುವುದೋ?

ಉತ್ತರ: ಖರ್ಚಿನ ಮಾತಿಗೆ ಬರುವ ಮೊದಲು ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಮೂರನೇ ಗೇರ್ ಹಾರುವುದಕ್ಕೆ ಕಾರಣ ಗೊತ್ತಾಗಿ, ಅದು ಸರಿಯಾಗುವವರೆಗೆ ಈ ಗಾಡಿಯಲ್ಲಿ ಲೋಡು ಹೇರಿಕೊಂಡು ದಿಂಬಂ ಘಾಟಿ ಇಳಿಯಬೇಡಿ. ನೀವು ಬರೆದಿರುವ ನಾಲ್ಕು ಲಕ್ಷಣಗಳಲ್ಲಿ ಮೂರು ಬರಿಯ ಕಿರಿಕಿರಿಯವು, ಕೆಲವು ವಾರ ಕಾಯಬಲ್ಲವು; ಈ ಒಂದು ಮಾತ್ರ ನಿಮ್ಮ ಮತ್ತು ಆ ಹುಡುಗನ ಜೀವಕ್ಕೆ ಸಂಬಂಧಿಸಿದ್ದು. ವರ್ಕ್‌ಶಾಪಿನವರು ಎಲ್ಲವನ್ನೂ ಸೇರಿಸಿ ‘ಬಾಕ್ಸ್ ಹೋಗಿದೆ’ ಎಂದು ಒಂದೇ ಮಾತಿನಲ್ಲಿ ಹೇಳಿರುವುದರಿಂದ ಈ ವ್ಯತ್ಯಾಸ ನಿಮಗೆ ಕಾಣದೆ ಹೋಗಿದೆ ಎಂದು ನನಗೆ ಅನಿಸುತ್ತದೆ.

ಲೋಡು ತುಂಬಿದಾಗ ನಿಮ್ಮ ಗಾಡಿಯ ಒಟ್ಟು ತೂಕ ಐದು ಟನ್ ದಾಟುತ್ತದೆ. ಇಳಿಜಾರಿನಲ್ಲಿ ಆ ತೂಕವನ್ನು ತಡೆದು ಹಿಡಿಯುವ ಕೆಲಸದಲ್ಲಿ ದೊಡ್ಡ ಪಾಲು ಇಂಜಿನ್ನಿನದು, ಉಳಿದದ್ದು ಬ್ರೇಕಿನದು. ಗೇರ್ ಹಾರಿದ ಕ್ಷಣದಲ್ಲಿ ಇಂಜಿನ್ನಿನ ಹಿಡಿತ ಪೂರ್ತಿ ತಪ್ಪಿ, ಎಲ್ಲ ಭಾರವೂ ನಾಲ್ಕು ಡ್ರಮ್ಮುಗಳ ಮೇಲೆ ಬೀಳುತ್ತದೆ. ದಿಂಬಂ ಘಾಟಿಯಲ್ಲಿ ಒಂದರ ಹಿಂದೆ ಒಂದರಂತೆ 27 ಹೇರ್‌ಪಿನ್ ತಿರುವುಗಳಿವೆ. ಮೇಲಿನ ಐದಾರು ತಿರುವುಗಳಲ್ಲೇ ಬ್ರೇಕ್ ಒತ್ತಿ ಒತ್ತಿ ಲೈನರ್ ಕಾದರೆ, ಕೆಳಗಿನ ತಿರುವುಗಳಿಗೆ ಬರುವಷ್ಟರಲ್ಲಿ ಪೆಡಲ್ ಗಟ್ಟಿಯಾಗಿಯೇ ಇದ್ದರೂ ಗಾಡಿ ನಿಲ್ಲುವುದಿಲ್ಲ. ಕಾದ ಲೈನರಿಗೆ ಡ್ರಮ್ಮನ್ನು ಕಚ್ಚುವ ಶಕ್ತಿ ಉಳಿದಿರುವುದಿಲ್ಲ. 2022ರ ಫೆಬ್ರವರಿಯಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಆ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ, ಹೊತ್ತು ಮೀರುವ ಮುನ್ನ ಘಾಟಿ ದಾಟಬೇಕೆಂಬ ಅವಸರವೂ ಸೇರಿಕೊಳ್ಳುತ್ತದೆ. ಹಾಸನೂರಿನಿಂದ ಬಣ್ಣಾರಿಯವರೆಗಿನ ಕಾಡಿನ ದಾರಿಯಲ್ಲಿ, ಕಬ್ಬಿನ ಲಾರಿಗಳಿಗಾಗಿ ಆನೆಗಳು ರಸ್ತೆಗೇ ಬಂದು ನಿಲ್ಲುವ ಜಾಗದಲ್ಲಿ, ಕೆಟ್ಟ ಗಾಡಿಯೊಂದಿಗೆ ಕತ್ತಲಾಗುವುದೂ ಸಣ್ಣ ಅಪಾಯವಲ್ಲ.

‘ಮೂರು ಹಾರುತ್ತದೆ, ಹಾಗಾದರೆ ಎರಡರಲ್ಲೇ ಇಳಿಯುತ್ತೇನೆ’ ಎಂದು ಯೋಚಿಸುವುದು ಸಹಜ. ಎರಡನೇ ಗೇರಿನಲ್ಲಿ ಇಂಜಿನ್ ಹಿಡಿತ ಹೆಚ್ಚು ಎಂಬುದೂ ನಿಜ. ಆದರೆ ಗೇರ್ ಹಾರುವುದಕ್ಕೆ ಬೇರಿಂಗ್ ಸವೆದು ಶಾಫ್ಟ್ ಓರೆಯಾಗಿರುವುದೇ ಕಾರಣವಾಗಿದ್ದರೆ ಎರಡನೇ ಗೇರೂ ಯಾವತ್ತಾದರೂ ಹಾರಬಹುದು. ಹೋಗಲೇಬೇಕಾದ ಬೆಳೆ ಇದ್ದರೆ ಸದ್ಯಕ್ಕೆ ಬಾಡಿಗೆ ಗಾಡಿಯಲ್ಲಿ ಕಳುಹಿಸಿ, ಇಲ್ಲವೇ ಇಳಿಜಾರಿಲ್ಲದ ಚಾಮರಾಜನಗರದ ಕಡೆಯ ಮಾರುಕಟ್ಟೆಗೆ ಕೊಡಿ.

ಮುಂದೆ ಯಾವಾಗಲಾದರೂ ಇಳಿಜಾರಿನಲ್ಲಿ ಗೇರ್ ಹಾರಿದರೆ ಮಾಡಬೇಕಾದದ್ದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಗಾಬರಿಯಿಂದ ಇಂಜಿನ್ ಆಫ್ ಮಾಡಬೇಡಿ; ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಉತ್ಪತ್ತಿಯಾಗುವುದು ಇಂಜಿನ್ ಓಡುತ್ತಿರುವಾಗ ಮಾತ್ರ, ಆಫ್ ಮಾಡಿದ ಮೇಲೆ ಉಳಿದಿರುವ ವ್ಯಾಕ್ಯೂಮ್ ಕೆಲವೇ ಸಲ ಒತ್ತುವಷ್ಟಕ್ಕೆ ಸಾಕಾಗುತ್ತದೆ. ಮೊದಲು ಬ್ರೇಕನ್ನು ದೃಢವಾಗಿ ಒತ್ತಿ ವೇಗ ಇಳಿಸಿ, ವೇಗ ಏರುವ ಮುನ್ನವೇ ಕ್ಲಚ್ ಒತ್ತಿ, ಆಕ್ಸಿಲರೇಟರ್ ಕೊಟ್ಟು ಇಂಜಿನ್ನಿನ ಸುತ್ತು ಏರಿಸಿ ಗೇರ್ ಹಾಕಿ. ಮೊದಲ ಪ್ರಯತ್ನದಲ್ಲಿ ಬೀಳದಿದ್ದರೆ ಲಿವರ್ ಜೊತೆ ಗುದ್ದಾಡುತ್ತ ಸಮಯ ಕಳೆಯದೆ, ಬ್ರೇಕ್ ಇನ್ನೂ ತಣ್ಣಗಿರುವಾಗಲೇ ಗಾಡಿಯನ್ನು ಬೆಟ್ಟದ ಮಗ್ಗುಲಿಗೆ ತಂದು ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.

ಲಿವರನ್ನು ಕೈಯಲ್ಲಿ ಒತ್ತಿ ಹಿಡಿಯುವುದನ್ನೂ, ಕೆಲವರು ಮಾಡುವಂತೆ ಹಗ್ಗ ಹಾಕಿ ಕಟ್ಟುವುದನ್ನೂ ಇಂದೇ ನಿಲ್ಲಿಸಿ. ಲಿವರ್ ಸರಿಸುವ ಫೋರ್ಕು (ಕವಲಾದ ತುಂಡು), ತಿರುಗುತ್ತಿರುವ ಸ್ಲೀವಿನ, ಅಂದರೆ ಗೇರನ್ನು ಶಾಫ್ಟಿಗೆ ಬಂಧಿಸುವ ಬಳೆಯ, ತೋಡಿನೊಳಗೆ ಕೂತಿರುತ್ತದೆ. ಗೇರ್ ಬಿದ್ದ ಮೇಲೆ ಫೋರ್ಕು ಸ್ಲೀವಿಗೆ ಒತ್ತದೆ ಸಡಿಲವಾಗಿ ನಿಂತಿರಬೇಕು. ನೀವು ಘಾಟಿಯುದ್ದಕ್ಕೂ ಲಿವರ್ ಒತ್ತಿ ಹಿಡಿದರೆ ಫೋರ್ಕಿನ ತುದಿ ಸ್ಲೀವಿನ ಅಂಚಿಗೆ ಉಜ್ಜುತ್ತಲೇ ಇರುತ್ತದೆ, ಕಾಯುತ್ತದೆ, ಸವೆಯುತ್ತದೆ. ಫೋರ್ಕು ಸವೆದಷ್ಟೂ ಸ್ಲೀವು ಪೂರ್ತಿ ದೂರ ಸರಿಯುವುದಿಲ್ಲ. ಪೂರ್ತಿ ಸರಿಯದ ಸ್ಲೀವು ಇನ್ನಷ್ಟು ಸುಲಭವಾಗಿ ಹಾರುತ್ತದೆ. ಮೊದಲಿಗೆ ಹತ್ತು ಸಲಕ್ಕೊಮ್ಮೆ ಹಾರುತ್ತಿದ್ದದ್ದು ಈಗ ಪ್ರತಿ ಇಳಿಜಾರಿನಲ್ಲೂ ಹಾರುತ್ತಿದ್ದರೆ ಈ ಒತ್ತಿ ಹಿಡಿಯುವಿಕೆಯೂ ಅದಕ್ಕೆ ಒಂದು ಕಾರಣ.

ಬಾಕ್ಸಿನ ಒಳಗೆ ನಡೆಯುವುದನ್ನು ಸ್ವಲ್ಪ ವಿವರಿಸಿದರೆ ಮುಂದಿನ ಮಾತುಗಳು ಸುಲಭವಾಗುತ್ತವೆ. ನಾವು ಗೇರ್ ಹಾಕಿದಾಗ ಎರಡು ಗೇರ್ ಚಕ್ರಗಳು ಹೊಸದಾಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ ಎಂದು ಹಲವರು ತಿಳಿದಿದ್ದಾರೆ. ಇಂಥ ಬಾಕ್ಸುಗಳಲ್ಲಿ ಮುಂದಕ್ಕೆ ಹೋಗುವ ಗೇರುಗಳ ಹಲ್ಲುಗಳು ಯಾವಾಗಲೂ ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಮೇನ್ ಶಾಫ್ಟಿನ (ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ದಂಡದ) ಮೇಲಿರುವ ಗೇರುಗಳು ಶಾಫ್ಟಿಗೆ ಅಂಟಿಕೊಳ್ಳದೆ ಸುಮ್ಮನೆ ಸುತ್ತುತ್ತಿರುತ್ತವೆ. ಲಿವರ್ ಎಳೆದಾಗ ಸ್ಲೀವು ಸರಿದು ಹೋಗಿ ಆ ಗೇರಿನ ಪಕ್ಕದ ಸಣ್ಣ ಹಲ್ಲುಗಳ ಮೇಲೆ ಕೂರುತ್ತದೆ. ಗೇರು ಶಾಫ್ಟಿಗೆ ಬಂಧಿಯಾಗುವುದು ಆಗ. ಸ್ಲೀವು ಕೂರುವ ಮುನ್ನ ಎರಡರ ವೇಗವನ್ನು ಸಮ ಮಾಡುವುದು ಸಿಂಕ್ರೊ ರಿಂಗ್, ಅಂದರೆ ನಮ್ಮ ಮೆಕ್ಯಾನಿಕ್ಕರು ಹೇಳುವ ಹಿತ್ತಾಳೆ ರಿಂಗ್. ಕೂತ ಸ್ಲೀವು ಅಲ್ಲಿಯೇ ನಿಲ್ಲುವಂತೆ ನೋಡಿಕೊಳ್ಳುವುದು ಎರಡು ಸಂಗತಿ: ಫೋರ್ಕು ಕೂತಿರುವ ಸರಳಿನ, ಅಂದರೆ ರೈಲಿನ, ಹಳ್ಳಕ್ಕೆ ಬಂದು ಬೀಳುವ ಸ್ಪ್ರಿಂಗ್ ಮತ್ತು ಗುಂಡು, ಹಾಗೂ ಆ ಸಣ್ಣ ಹಲ್ಲುಗಳ ಕಡೆತದಲ್ಲೇ ಇರುವ, ಭಾರ ಬಿದ್ದಷ್ಟೂ ಸ್ಲೀವನ್ನು ಒಳಕ್ಕೆ ಸೆಳೆಯುವ ಸೂಕ್ಷ್ಮ ಓರೆ. ಈ ಓರೆ ಸವೆದು ತಿರುಗುಮುರುಗಾದರೆ ಭಾರ ಬಿದ್ದಷ್ಟೂ ಸ್ಲೀವು ಹೊರಕ್ಕೆ ತಳ್ಳಲ್ಪಡುತ್ತದೆ. ಏರುವಾಗ ಹಲ್ಲಿನ ಒಂದು ಮುಖಕ್ಕೆ ಭಾರ ಬಿದ್ದರೆ ಇಳಿಯುವಾಗ ಇನ್ನೊಂದು ಮುಖಕ್ಕೆ ಬೀಳುತ್ತದೆ. ನಿಮ್ಮ ಗಾಡಿ ಏರುವಾಗ ಸುಮ್ಮನಿದ್ದು ಇಳಿಯುವಾಗ ಮಾತ್ರ ಗೇರ್ ಹಾರಿಸುವುದಕ್ಕೆ ಅರ್ಥ ಇಲ್ಲಿದೆ.

ಈಗ ಒಂದೊಂದೇ ಲಕ್ಷಣವನ್ನು ನೋಡೋಣ. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಿರುವಾಗ ಇನ್‌ಪುಟ್ ಶಾಫ್ಟ್ (ಕ್ಲಚ್ಚಿನಿಂದ ಬಾಕ್ಸಿಗೆ ಬರುವ ದಂಡ), ಲೇ ಶಾಫ್ಟ್ (ಅದರಿಂದ ತಿರುಗುವ ಜೊತೆಯ ದಂಡ) ಮತ್ತು ಅವುಗಳಿಗೆ ಕಚ್ಚಿದ ಗೇರುಗಳೆಲ್ಲ ತಿರುಗುತ್ತಿರುತ್ತವೆ. ಕ್ಲಚ್ ಒತ್ತಿದೊಡನೆ ಅವೆಲ್ಲ ನಿಲ್ಲುತ್ತವೆ. ಆದ್ದರಿಂದ ಕ್ಲಚ್ ಒತ್ತಿದಾಗ ನಿಲ್ಲುವ ನಿಮ್ಮ ಸದ್ದು ಇನ್‌ಪುಟ್ ಶಾಫ್ಟಿನ ಅಥವಾ ಲೇ ಶಾಫ್ಟಿನ ಬೇರಿಂಗಿನದು. ಒತ್ತಿದಾಗ ಸದ್ದು ಹುಟ್ಟುವಂತಿದ್ದರೆ ಕ್ಲಚ್ಚಿನ ರಿಲೀಸ್ ಬೇರಿಂಗನ್ನೋ ಫ್ಲೈವೀಲಿನ ನಡುವಿನ ಪೈಲಟ್ ಬೇರಿಂಗನ್ನೋ ಅನುಮಾನಿಸಬೇಕಾಗಿತ್ತು. ಓಡುವಾಗಲೂ ಗಮನಿಸಿ. ನೇರ ಸಂಪರ್ಕದ ಟಾಪ್ ಗೇರಿನಲ್ಲಿ ಸದ್ದು ಬಹಳ ಕಡಿಮೆಯಾಗಿ ಕೆಳಗಿನ ಗೇರುಗಳಲ್ಲಿ ಹೆಚ್ಚಾದರೆ ಲೇ ಶಾಫ್ಟಿನ ಬೇರಿಂಗ್ ಎನ್ನುವುದಕ್ಕೆ ಬಲ ಬರುತ್ತದೆ, ಏಕೆಂದರೆ ಟಾಪ್ ಗೇರಿನಲ್ಲಿ ಲೇ ಶಾಫ್ಟ್ ಭಾರ ಹೊರದೆ ಸುಮ್ಮನೆ ಸುತ್ತುತ್ತದೆ. ಯಾವ ಗೇರಿನಲ್ಲಿದ್ದರೂ, ನ್ಯೂಟ್ರಲ್ ಮಾಡಿ ಗಾಡಿ ಉರುಳಲು ಬಿಟ್ಟರೂ ವೇಗಕ್ಕೆ ತಕ್ಕಂತೆ ಸದ್ದು ಏರಿಳಿದರೆ ಮೇನ್ ಶಾಫ್ಟಿನ ಹಿಂಬದಿ ಬೇರಿಂಗನ್ನಲ್ಲದೆ ಪ್ರಾಪೆಲ್ಲರ್ ಶಾಫ್ಟಿನ ಕ್ರಾಸು, ಸೆಂಟರ್ ಬೇರಿಂಗು, ಹಿಂದಿನ ಹೌಸಿಂಗು (ಹಿಂಚಕ್ರಗಳ ನಡುವಿನ ಡಿಫರೆನ್ಷಿಯಲ್) ಇವುಗಳನ್ನೂ ನೋಡಬೇಕು. ಹೌಸಿಂಗಿನ ಸದ್ದಿಗೆ ಗೇರ್ ಬಾಕ್ಸ್ ಬಿಚ್ಚಿದ ಉದಾಹರಣೆಗಳು ಕಡಿಮೆಯಲ್ಲ. ಈ ಪರೀಕ್ಷೆಯನ್ನು ಸಮತಟ್ಟಾದ, ಬೇರೆ ಗಾಡಿಗಳಿಲ್ಲದ ರಸ್ತೆಯಲ್ಲಿ ಮಾತ್ರ ಮಾಡಿ.

ಎರಡನೇ ಗೇರಿನ ಕಿರ್ರ್ ಸದ್ದಿಗೆ ಬರುವುದಾದರೆ, ಮೊದಲು ಕ್ಲಚ್ಚನ್ನು ಪರೀಕ್ಷಿಸಿ. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಕ್ಲಚ್ಚನ್ನು ಪೂರ್ತಿ ಒತ್ತಿ, ಮನಸ್ಸಿನಲ್ಲೇ ಹತ್ತು ಎಣಿಸಿ, ನಿಧಾನವಾಗಿ ರಿವರ್ಸ್ ಹಾಕಿ. ಇಂಥ ಹಳೆಯ ಬಾಕ್ಸುಗಳಲ್ಲಿ ರಿವರ್ಸಿಗೆ ಸಾಮಾನ್ಯವಾಗಿ ಸಿಂಕ್ರೊ ಇರುವುದಿಲ್ಲವಾದ್ದರಿಂದ, ಕ್ಲಚ್ ಪೂರ್ತಿ ಬಿಡುತ್ತಿಲ್ಲದಿದ್ದರೆ ಹತ್ತು ಎಣಿಸಿದ ಮೇಲೂ ಅದು ಕಿರ್ರೆಂದೇ ಬೀಳುತ್ತದೆ. ಇಂಜಿನ್ ಆಫ್ ಇದ್ದಾಗ ಎಲ್ಲ ಗೇರುಗಳೂ ಸಲೀಸಾಗಿ ಬಿದ್ದು, ಇಂಜಿನ್ ಓಡುವಾಗ ಎಲ್ಲವೂ ಬಿಗಿಯಾದರೂ ದೋಷ ಕ್ಲಚ್ಚಿನದೇ. ಪೆಡಲಿನ ಆಟ, ಹೈಡ್ರಾಲಿಕ್ ಆಗಿದ್ದರೆ ಮೇಲಿನ ಮತ್ತು ಕೆಳಗಿನ ಸಿಲಿಂಡರುಗಳ ಸೋರಿಕೆ, ಪೈಪಿನಲ್ಲಿ ಸೇರಿದ ಗಾಳಿ, ರಾಡ್ ಆಗಿದ್ದರೆ ಅದರ ಸವೆದ ಪಿನ್ನುಗಳು, ಇವುಗಳಲ್ಲಿ ಯಾವುದನ್ನು ಸರಿಪಡಿಸುವುದಕ್ಕೂ ಗೇರ್ ಬಾಕ್ಸ್ ಇಳಿಸಬೇಕಾಗಿಲ್ಲ. ರಿವರ್ಸ್ ಮೆತ್ತಗೆ ಬಿದ್ದು, ಎರಡು ಮಾತ್ರ ಕಿರ್ರೆಂದರೆ ಎರಡರ ಸಿಂಕ್ರೊ ರಿಂಗ್ ಸವೆದಿದೆ ಎಂದು ಹೇಳಬಹುದು. ಹಳೆಯ ಗಾಡಿಗಳಲ್ಲಿ ಮೊದಲು ಸವೆಯುವುದು ಬಹುಮಟ್ಟಿಗೆ ಅದೇ. ಕೆಳಗಿನ ಗೇರುಗಳ ನಡುವೆ ವೇಗದ ಅಂತರ ಹೆಚ್ಚು, ಮೂರರಿಂದ ಎರಡಕ್ಕೆ ಇಳಿಸುವ ಕೆಲಸ ಘಾಟಿಯಲ್ಲಿ ಪದೇಪದೇ ನಡೆಯುತ್ತದೆ.

ಆದರೆ ‘ಬೆಳಗಿನ ಹೊತ್ತು ಹೆಚ್ಚು’ ಎಂದು ನೀವು ಬರೆದಿರುವುದು ನನಗೆ ಮುಖ್ಯವಾಗಿ ಕಾಣುತ್ತದೆ. ಸಿಂಕ್ರೊ ರಿಂಗು ಗೇರಿನ ಶಂಕುವನ್ನು ಹಿಡಿಯಬೇಕಾದರೆ ನಡುವಿನ ಎಣ್ಣೆಯ ಪದರವನ್ನು ಮೊದಲು ಒರೆಸಿ ಹಾಕಬೇಕು. ಎಣ್ಣೆ ತೀರ ಮಂದವಾಗಿದ್ದರೆ, ಅದರಲ್ಲೂ ತಾಳವಾಡಿಯಂಥ ಎತ್ತರದ ಜಾಗದ ತಣ್ಣನೆಯ ಮುಂಜಾನೆಯಲ್ಲಿ, ಅದು ತಡವಾಗುತ್ತದೆ. ಅಷ್ಟರಲ್ಲಿ ಚಾಲಕ ಲಿವರ್ ನೂಕಿರುತ್ತಾನೆ. ಬೇರಿಂಗ್ ಸದ್ದು ಮಾಡುವ ಗಾಡಿಯನ್ನು ಮಾರುವ ಮೊದಲು 140 ಗ್ರೇಡಿನ ಮಂದ ಎಣ್ಣೆಯನ್ನೋ, ಎಣ್ಣೆಯ ಜೊತೆಗೆ ಗ್ರೀಸನ್ನೋ ತುಂಬಿ ಸದ್ದು ಅಡಗಿಸುವ ಹಳೆಯ ಅಭ್ಯಾಸವೊಂದು ಸೆಕೆಂಡ್ ಹ್ಯಾಂಡ್ ವ್ಯಾಪಾರದಲ್ಲಿದೆ. ನಿಮ್ಮ ಗಾಡಿಯಲ್ಲೂ ಹಾಗಾಗಿದ್ದರೆ ಕೊಂಡಾಗ ಕೇಳದಿದ್ದ ಸದ್ದು, ಸೋರಿ ಎಣ್ಣೆ ಕಡಿಮೆಯಾದ ಮೇಲೆ ಈಗ ಕೇಳಿಸುತ್ತಿರಬಹುದು. ಹಾಗಾಗಿ ನೀವು ಖರ್ಚು ಮಾಡಬೇಕಾದ ಮೊದಲ ಹಣ ಎಣ್ಣೆಗೆ.

ಗಾಡಿಯನ್ನು ಸ್ವಲ್ಪ ಓಡಿಸಿ, ಎಣ್ಣೆ ಬೆಚ್ಚಗಾದ ಮೇಲೆ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಮೊದಲು ಪಕ್ಕದ ಎಣ್ಣೆ ತುಂಬುವ ಪ್ಲಗ್ಗನ್ನು ಬಿಚ್ಚಿ, ಆಮೇಲೆ ಕೆಳಗಿನದನ್ನು ಬಿಚ್ಚಿ. ಎಣ್ಣೆ ಇಳಿಸಿದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಬರದೇ ಹೋದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಇಳಿದ ಎಣ್ಣೆಯನ್ನು ಸ್ವಚ್ಛವಾದ ಅಗಲ ಪಾತ್ರೆಯಲ್ಲಿ ಹಿಡಿದು ಬಿಸಿಲಿನಲ್ಲಿ ನೋಡಿ. ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪಾದ ಕೆಸರು ಅಂಟಿದ್ದರೆ ಅದು ವಯಸ್ಸಿನ ಸಹಜ ಸವೆತ. ಎಣ್ಣೆಯಲ್ಲಿ ಹೊಂಬಣ್ಣದ ಮಿನುಗು ತೇಲಿದರೆ ಅದು ಸಿಂಕ್ರೊ ರಿಂಗಿನ ಹಿತ್ತಾಳೆ. ಉಕ್ಕಿನ ತೆಳು ಚಕ್ಕೆಗಳು ಸಿಕ್ಕರೆ ಬೇರಿಂಗಿನ ಮೇಲ್ಮೈ ಎದ್ದು ಬರುತ್ತಿದೆ ಎಂದರ್ಥ. ಹಲ್ಲಿನ ತುಂಡು ಸಿಕ್ಕರೆ ಅಲ್ಲಿಗೆ ನಿಲ್ಲಿಸಿ, ಗಾಡಿಯನ್ನು ಓಡಿಸಲೇಬೇಡಿ. ಆ ತುಂಡು ಎರಡು ಗೇರುಗಳ ನಡುವೆ ಸಿಕ್ಕರೆ ಬಾಕ್ಸಿನ ಕವಚವೇ ಒಡೆಯುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ.

ಹೊಸದಾಗಿ ಹಾಕುವ ಎಣ್ಣೆ 80ಡಬ್ಲ್ಯು-90 ಗ್ರೇಡಿನ, ಜಿಎಲ್-4 ಎಂದು ಡಬ್ಬಿಯ ಮೇಲೆ ಬರೆದಿರುವಂಥದ್ದಾಗಿರಲಿ. ಗಾಡಿಯ ಕೈಪಿಡಿ ಸಿಕ್ಕಿದರೆ ಅದರಲ್ಲಿರುವುದೇ ಅಂತಿಮ. ಹಳ್ಳಿಯ ಅಂಗಡಿಗಳಲ್ಲಿ ಹಿಂದಿನ ಹೌಸಿಂಗಿಗೆ ಹಾಕುವ ಜಿಎಲ್-5 ಎಣ್ಣೆಯನ್ನೇ ಗೇರ್ ಬಾಕ್ಸಿಗೂ ಸುರಿಯುವುದು ಸಾಮಾನ್ಯವಾಗಿದೆ. ಹೌಸಿಂಗಿನ ಹಲ್ಲುಗಳ ವಿಪರೀತ ಒತ್ತಡಕ್ಕಾಗಿ ಜಿಎಲ್-5ರಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ಜಿಎಲ್-4ರ ಸುಮಾರು ಎರಡರಷ್ಟು ಇರುತ್ತವೆ; ಇವು ಹಿತ್ತಾಳೆಯ ರಿಂಗುಗಳನ್ನು ಕಾಲಕ್ರಮೇಣ ತಿನ್ನಬಲ್ಲವು, ರಿಂಗಿನ ಹಿಡಿತಕ್ಕೂ ಅಡ್ಡಿಯಾಗುತ್ತವೆ. ಎಣ್ಣೆಯನ್ನು ತುಂಬುವ ಪ್ಲಗ್ಗಿನ ಕೆಳ ಅಂಚಿಗೆ ಬರುವವರೆಗೆ ತುಂಬಿ. ಬಾಕ್ಸಿನ ನೆತ್ತಿಯ ಮೇಲಿರುವ ಸಣ್ಣ ಬ್ರೀದರನ್ನು ಬಿಚ್ಚಿ ತೊಳೆಯಿರಿ. ಅದು ಮಣ್ಣಿನಿಂದ ಮುಚ್ಚಿಹೋದರೆ ಒಳಗಿನ ಗಾಳಿ ಕಾದು ಹಿಗ್ಗಿ, ಚೆನ್ನಾಗಿರುವ ಸೀಲನ್ನೂ ದಾಟಿ ಎಣ್ಣೆಯನ್ನು ಹೊರಕ್ಕೆ ತಳ್ಳುತ್ತದೆ. ನಿಮ್ಮ ಹನಿಗಳಿಗೆ ಅದೇ ಕಾರಣವಾಗಿದ್ದರೂ ಆಶ್ಚರ್ಯವಿಲ್ಲ. ಎಣ್ಣೆ ಕ್ಲಚ್ ಹೌಸಿಂಗಿನ ಅಡಿಯ ರಂಧ್ರದಿಂದ ತೊಟ್ಟಿಕ್ಕುತ್ತಿದ್ದರೆ ಮಾತ್ರ ಮುಂದಿನ ಸೀಲಿನದೋ, ಇಂಜಿನ್ನಿನ ಹಿಂಬದಿಯ ಸೀಲಿನದೋ ಎಂದು ವಾಸನೆ ಮತ್ತು ಬಣ್ಣದಿಂದ ಗುರುತಿಸಬೇಕು. ಇಂಜಿನ್ ಎಣ್ಣೆ ಕಪ್ಪಗಿರುತ್ತದೆ, ಗೇರ್ ಎಣ್ಣೆಗೆ ಗಂಧಕದ ಘಾಟು ಇರುತ್ತದೆ.

ಈಗ ಮೂರನೇ ಗೇರು. ಇಲ್ಲಿ ಹೊರಗಿನಿಂದ ಒಳಕ್ಕೆ ಹೋಗಬೇಕು. ಇಂಜಿನ್ನಿಗೂ ಬಾಕ್ಸಿಗೂ ನಡುವಿನ ಕ್ಲಚ್ ಹೌಸಿಂಗಿನ ಬೋಲ್ಟುಗಳನ್ನು ಒಂದೊಂದಾಗಿ ಸ್ಪ್ಯಾನರ್ ಹಾಕಿ ನೋಡಿ. ಹಿಂದೆ ಯಾರಾದರೂ ಕ್ಲಚ್ ಪ್ಲೇಟ್ ಬದಲಿಸಿದ್ದರೆ ಒಂದೆರಡು ಬೋಲ್ಟು ಸಡಿಲವಾಗಿರುವುದೂ, ಹೊಂದಿಸುವ ಪಿನ್ನು ಕಾಣೆಯಾಗಿರುವುದೂ ಉಂಟು. ಹೌಸಿಂಗು ಕೂದಲೆಳೆಯಷ್ಟು ಓರೆಯಾದರೂ ಇನ್‌ಪುಟ್ ಶಾಫ್ಟಿಗೂ ಮೇನ್ ಶಾಫ್ಟಿಗೂ ರೇಖೆ ತಪ್ಪಿ, ಪ್ರತಿ ಸುತ್ತಿನಲ್ಲೂ ಸ್ಲೀವು ಸ್ವಲ್ಪ ಸ್ವಲ್ಪವೇ ಹೊರಕ್ಕೆ ತೆವಳುತ್ತದೆ. ಆಮೇಲೆ ಇಂಜಿನ್ ಮತ್ತು ಬಾಕ್ಸಿನ ಮೌಂಟ್ ರಬ್ಬರುಗಳನ್ನು ನೋಡಿ. ಒಬ್ಬರು ಗೇರ್ ಹಾಕಿ ಆಕ್ಸಿಲರೇಟರ್ ಕೊಟ್ಟು ಬಿಡುವಾಗ ಲಿವರ್ ಬಹಳ ಹಿಂದೆ ಮುಂದೆ ಕುಣಿದರೆ ರಬ್ಬರು ಹೋಗಿದೆ. ಲಿವರಿನ ಚಲನೆ ರಾಡ್ ಅಥವಾ ಕೇಬಲಿನ ಮೂಲಕ ಬಾಕ್ಸಿಗೆ ತಲುಪುವ ಮಾದರಿಯಾದರೆ ಅವುಗಳ ಬುಷ್, ಪಿನ್ನು, ಅಳತೆಯನ್ನು ನೋಡಿ. ಮೂರಕ್ಕೆ ಹಾಕಿದಾಗ ಲಿವರ್ ಕ್ಯಾಬಿನ್ನಿನ ತಗಡಿಗೋ ಸೀಟಿಗೋ ತಾಗಿ ಪೂರ್ತಿ ಹೋಗದೆ ನಿಲ್ಲುತ್ತಿದೆಯೇ ಎಂಬುದನ್ನೂ ನೋಡಿ. ಇವೆಲ್ಲ ಕೆಲವೇ ನೂರು ರೂಪಾಯಿಯ ಕೆಲಸಗಳು.

ಹೊರಗೆ ಎಲ್ಲ ಸರಿಯಿದ್ದರೆ ಬಾಕ್ಸನ್ನು ಇಳಿಸದೆಯೇ ಅದರ ಮೇಲಿನ ಮುಚ್ಚಳ ತೆಗೆಯಿಸಿ. ಅದರ ಸುತ್ತಲಿನ ಮಣ್ಣನ್ನು ಮೊದಲೇ ತೊಳೆದು ಒಣಗಿಸಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಮುಚ್ಚಳ ಎತ್ತಬೇಕು. ಇಂಥ ಬಾಕ್ಸುಗಳಲ್ಲಿ ಬಹುಪಾಲು ಫೋರ್ಕುಗಳೂ ರೈಲುಗಳೂ ಮುಚ್ಚಳದ ಜೊತೆಗೇ ಮೇಲಕ್ಕೆ ಬರುತ್ತವೆ. ಗುಂಡು ಕೂರುವ ಹಳ್ಳ ಸವೆದಿದೆಯೇ, ಸ್ಪ್ರಿಂಗ್ ಮುರಿದಿದೆಯೇ ಅಥವಾ ಪಕ್ಕದ ರೈಲಿನ ಸ್ಪ್ರಿಂಗಿಗಿಂತ ಕುಳ್ಳಗಾಗಿದೆಯೇ, ಫೋರ್ಕನ್ನು ರೈಲಿಗೆ ಬಿಗಿದಿರುವ ಸ್ಕ್ರೂ ಸಡಿಲವಾಗಿದೆಯೇ, ಫೋರ್ಕಿನ ತುದಿಗಳು ಒಂದು ಕಡೆ ಮಾತ್ರ ತೆಳ್ಳಗಾಗಿವೆಯೇ ಎಂದು ನೋಡಿ. ಕೈಯಲ್ಲೇ ಸ್ಲೀವನ್ನು ಮೂರರ ಕಡೆಗೆ ಸರಿಸಿ ಟಾರ್ಚ್ ಹಾಕಿ ನೋಡಿದರೆ ಸಣ್ಣ ಹಲ್ಲುಗಳು ಕಾಣುತ್ತವೆ: ತುದಿ ಚೂಪಾಗಿ ಮುಖ ನೇರವಾಗಿದ್ದರೆ ಆರೋಗ್ಯವಾಗಿವೆ, ತುದಿ ಮೊಂಡಾಗಿ ಮುಖ ಹೊರಗಡೆಗೆ ಕಿರಿದಾಗಿದ್ದರೆ ಕೆಲಸ ಮುಗಿದಿದೆ. ಮೂರನೇ ಗೇರು ಶಾಫ್ಟಿನ ಮೇಲೆ ಹಿಂದೆ ಮುಂದೆ ಎಷ್ಟು ಆಡುತ್ತದೆ ಎಂಬುದನ್ನು ಫೀಲರ್ ಗೇಜಿನಲ್ಲಿ ಅಳೆಯಿಸಿ. ಅದು ಕೈಪಿಡಿಯ ಮಿತಿಗಿಂತ ಹೆಚ್ಚಿದ್ದರೆ ಥ್ರಸ್ಟ್ ವಾಷರ್ ಸವೆದಿದೆ, ಇಲ್ಲವೇ ಶಾಫ್ಟಿನ ನಟ್ ಸಡಿಲವಾಗಿದೆ. ಇನ್‌ಪುಟ್ ಶಾಫ್ಟನ್ನು ಸಣ್ಣ ಪಟ್ಟಿಯಿಂದ ಮೇಲಕ್ಕೆ ಎತ್ತಿ ನೋಡಿದಾಗ ಕಣ್ಣಿಗೆ ಕಾಣುವಷ್ಟು ಅಲುಗಿದರೆ ನಿಮ್ಮ ಗುಂಯ್ ಸದ್ದಿನ ಬೇರಿಂಗೇ ಗೇರನ್ನೂ ಹಾರಿಸುತ್ತಿದೆ ಎಂದು ತಿಳಿಯಬಹುದು. ಹಾಗಿದ್ದ ಪಕ್ಷದಲ್ಲಿ ‘ಬಾಕ್ಸ್ ಇಳಿಸಲೇಬೇಕು’ ಎಂದ ವರ್ಕ್‌ಶಾಪಿನವರ ಮಾತು ಸರಿಯೆಂದೇ ಒಪ್ಪಬೇಕಾಗುತ್ತದೆ. ಮುಚ್ಚಳ ತೆಗೆದು ನೋಡುವುದು ಅರ್ಧ ದಿನದ ಕೆಲಸ. ಅಷ್ಟನ್ನೂ ನೋಡದೆ ಒಟ್ಟು ಮೊತ್ತ ಹೇಳುವವರಿಗೆ ಗಾಡಿ ಒಪ್ಪಿಸಬೇಡಿ.

ಹಣದ ಮಾತು. 1,80,000ಕ್ಕೆ ಕೊಂಡ ಗಾಡಿಗೆ 45,000 ಹಾಕುವುದು ಹೆಚ್ಚಾಯಿತೇ ಎಂದು ನೀವು ಕೇಳಿದ್ದೀರಿ. ಕೊಟ್ಟ ಹಣ ಈಗಾಗಲೇ ಹೋಗಿದೆ. ಅದನ್ನು ಈ ಲೆಕ್ಕಕ್ಕೆ ತರಬೇಡಿ. ಇದನ್ನು ಮಾರಿ ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ಇದೇ ವಯಸ್ಸಿನ ಇನ್ನೊಂದು ಗಾಡಿ ಕೊಂಡರೆ, ಅದರ ಬಾಕ್ಸು, ಇಂಜಿನ್ನು, ಹೌಸಿಂಗು ಹೇಗಿವೆ ಎಂಬುದು ನಿಮಗೆ ತಿಳಿದಿರುವುದಿಲ್ಲ. ಈ ಗಾಡಿಯಲ್ಲಿ ಕೆಟ್ಟಿರುವುದು ಏನೆಂದಾದರೂ ಗೊತ್ತಿದೆ. ಆದ್ದರಿಂದ ಉಳಿದ ಭಾಗಗಳು ಚೆನ್ನಾಗಿವೆಯೇ ಎಂಬುದೇ ನಿಜವಾದ ಪ್ರಶ್ನೆ. ಬೆಳಿಗ್ಗೆ ತಣ್ಣಗಿರುವಾಗ ಇಂಜಿನ್ ಸುಲಭವಾಗಿ ಸ್ಟಾರ್ಟ್ ಆಗುತ್ತದೆಯೇ, ಎಣ್ಣೆ ತುಂಬುವ ಮುಚ್ಚಳ ತೆಗೆದರೆ ಹೊಗೆ ಒತ್ತಿ ಬರುತ್ತದೆಯೇ, ಚಾಸಿಯಲ್ಲಿ, ಮುಖ್ಯವಾಗಿ ಸ್ಪ್ರಿಂಗ್ ಹ್ಯಾಂಗರುಗಳ ಬಳಿ, ಬಿರುಕು ಅಥವಾ ಬೆಸುಗೆಯ ಗುರುತು ಇದೆಯೇ ಎಂದು ನೋಡಿಸಿ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು, ಹದಿನೈದು ವರ್ಷ ದಾಟಿದ್ದಕ್ಕೆ ಶುಲ್ಕವೂ ಹೆಚ್ಚು. ಆರ್‌ಟಿಒ ಕಚೇರಿಯಲ್ಲಿ ಈಗಿನ ದರ ಕೇಳಿ ಅದನ್ನೂ ಸೇರಿಸಿಕೊಳ್ಳಿ. ಇಂಜಿನ್ನೂ ಚಾಸಿಯೂ ಗಟ್ಟಿಯಿದ್ದರೆ ಗೇರ್ ಬಾಕ್ಸಿಗೆ ಹಣ ಹಾಕುವುದು ಸರಿ ಎಂಬುದು ನನ್ನ ಅಭಿಪ್ರಾಯ. 1986ರಿಂದ ರಸ್ತೆಯಲ್ಲಿರುವ ಈ ಮಾದರಿಗೆ ಬಿಡಿಭಾಗಗಳೂ ಕೈ ಪಳಗಿದ ಮೆಕ್ಯಾನಿಕ್ಕರೂ ಎಲ್ಲ ಊರುಗಳಲ್ಲೂ ಸಿಗುವುದು ಹಳೆಯ ಗಾಡಿ ಇಟ್ಟುಕೊಳ್ಳುವವನಿಗೆ ದೊಡ್ಡ ಆಸರೆ.

45,000 ಮತ್ತು 22,000 ಎಂಬ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತೂಗಬೇಡಿ, ಅವುಗಳೊಳಗೆ ಏನೇನು ಸೇರಿದೆ ಎಂದು ಕೇಳಿ. ಮೊದಲನೆಯದರಲ್ಲಿ ಎಲ್ಲ ಬೇರಿಂಗುಗಳು, ಸೀಲುಗಳು, ಸಿಂಕ್ರೊ ರಿಂಗುಗಳು, ಮೂರನೇ ಗೇರು ಮತ್ತು ಅದರ ಸ್ಲೀವು, ಫೋರ್ಕು, ಸ್ಪ್ರಿಂಗುಗಳು ಸೇರಿವೆಯೇ, ಅಥವಾ ‘ಬೇಕಾದದ್ದು ಬದಲಿಸುತ್ತೇವೆ’ ಎಂಬ ಮಾತೇ? ಎರಡನೆಯದರಲ್ಲಿ ಇಳಿಸಿ ಏರಿಸುವ ಕೂಲಿ, ಎಣ್ಣೆ ಸೇರಿವೆಯೇ? ಯಾವ ದಾರಿ ಹಿಡಿದರೂ ಬಾಕ್ಸ್ ಇಳಿದಾಗ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ ಇವುಗಳನ್ನು ಅಳೆದು ನೋಡಿ, ಅರ್ಧ ಸವೆದಿದ್ದರೂ ಬದಲಿಸಿಬಿಡಿ. ಆರು ತಿಂಗಳ ನಂತರ ಅದೇ ಕೂಲಿಯನ್ನು ಇನ್ನೊಮ್ಮೆ ಕೊಡುವುದಕ್ಕಿಂತ ಅದು ಅಗ್ಗ. ಹಲ್ಲು ಸವೆದ ಹಳೆಯ ಗೇರಿನ ಮೇಲೆ ಹೊಸ ಸ್ಲೀವು ಹಾಕುವುದು, ಅಥವಾ ಹಳೆಯ ಸ್ಲೀವಿಗೆ ಹೊಸ ಗೇರು ಹಾಕುವುದು ಹಣ ದಂಡ. ಅವು ಜೋಡಿಯಾಗಿಯೇ ಬದಲಾಗಬೇಕು. ಲೇ ಶಾಫ್ಟಿನ ಹಲ್ಲು ಮುರಿದಿದ್ದರೆ ಅದಕ್ಕೆ ಕಚ್ಚುವ ಗೇರನ್ನೂ ಸೇರಿಸಿ ಬದಲಿಸಬೇಕು. ಬಿಚ್ಚಿದ ಹಳೆಯ ಭಾಗಗಳನ್ನೆಲ್ಲ ನಿಮಗೆ ತೋರಿಸಿ ಹಿಂದಿರುಗಿಸಬೇಕು ಎಂದು ಮೊದಲೇ ಹೇಳಿ. ಬೇರಿಂಗುಗಳನ್ನು ಸೀಲ್ ಒಡೆಯದ ಡಬ್ಬಿಯಲ್ಲಿ, ಬಿಲ್ಲಿನೊಂದಿಗೆ ನೀವೇ ತಂದುಕೊಟ್ಟರೆ ಇನ್ನೂ ಒಳ್ಳೆಯದು.

ಹಲ್ಲುಗಳೆಲ್ಲ ಚೆನ್ನಾಗಿದ್ದು ಬೇರಿಂಗ್, ರಿಂಗ್, ಸ್ಲೀವುಗಳಷ್ಟೇ ಸವೆದಿದ್ದರೆ ನಿಮ್ಮದೇ ಬಾಕ್ಸನ್ನು ಸರಿಪಡಿಸಿಕೊಳ್ಳಿ ಎನ್ನುತ್ತೇನೆ. ಕವಚದಲ್ಲಿ ಬೇರಿಂಗ್ ಕೂರುವ ಕುಳಿಯೇ ಸವೆದು ಬೇರಿಂಗಿನ ಹೊರಬಳೆ ತಿರುಗುತ್ತಿದ್ದರೆ, ಅಥವಾ ಲೇ ಶಾಫ್ಟ್ ಹಾಳಾಗಿದ್ದರೆ ಮಾತ್ರ ಹಳೆಯ ಬಾಕ್ಸ್ ಲಾಭ. ಅಂಥದ್ದನ್ನು ಕೊಳ್ಳುವಾಗ ಹೊರಗೆ ಬಳಿದ ಬಣ್ಣ ನೋಡಬೇಡಿ, ಮುಚ್ಚಳ ತೆಗೆಯಿಸಿ. ನಾನು ಮೇಲೆ ಹೇಳಿದ ಪರೀಕ್ಷೆಗಳನ್ನೇ ಅದಕ್ಕೂ ಮಾಡಿ. ಪ್ರತಿ ಗೇರಿನಲ್ಲಿಟ್ಟು ಇನ್‌ಪುಟ್ ಶಾಫ್ಟನ್ನು ಕೈಯಲ್ಲಿ ತಿರುಗಿಸಿ, ತಡೆದು ತಡೆದು ತಿರುಗಿದರೆ ಬೇಡ. ಇನ್‌ಪುಟ್ ಶಾಫ್ಟಿನ ಉದ್ದ, ಅದರ ಗೆರೆಹಲ್ಲುಗಳ ಸಂಖ್ಯೆ, ಹೌಸಿಂಗಿನ ಬೋಲ್ಟುಗಳ ಜಾಗ, ಸ್ಪೀಡೋಮೀಟರ್ ಕೇಬಲಿನ ಜೋಡಣೆ ನಿಮ್ಮದಕ್ಕೆ ಹೊಂದುತ್ತವೆಯೇ ಎಂದು ಅಳೆಯಿರಿ, ಏಕೆಂದರೆ ಈ ಮಾದರಿಯ ಗಾಡಿಗಳಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಬಾಕ್ಸುಗಳು ಬಂದಿವೆ. ಗೇರ್ ಹಾರಿದರೆ ಬದಲಿಸಿಕೊಡುವುದಾಗಿ ಕನಿಷ್ಠ ಒಂದು ತಿಂಗಳ ಭರವಸೆಯನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ.

ಲಾರಿ ಕೆಲಸಕ್ಕೆ ಹೆಸರಾದ ನಾಮಕ್ಕಲ್, ಸಂಗಗಿರಿ ಕಡೆಯ ನುರಿತ ಕೈಗಳಿಗೆ ತೋರಿಸಬೇಕೆಂದು ನಿಮಗೆ ಅನಿಸಿದರೆ ಅದು ಒಳ್ಳೆಯ ಆಲೋಚನೆಯೇ. ಆದರೆ ಅದಕ್ಕಾಗಿ ಗಾಡಿಯನ್ನು ಘಾಟಿ ಇಳಿಸಬೇಡಿ. ತಾಳವಾಡಿಯಲ್ಲೇ ಬಾಕ್ಸ್ ಇಳಿಸಿ, ಬಾಯಿಗಳನ್ನು ಬಟ್ಟೆಯಿಂದ ಮುಚ್ಚಿ ಕಟ್ಟಿ, ಬೇರೆ ಗಾಡಿಯಲ್ಲಿ ಬಾಕ್ಸನ್ನಷ್ಟೇ ಕಳುಹಿಸಿ. ಬಾಕ್ಸ್ ಇಳಿಸುವಾಗಲೂ ಏರಿಸುವಾಗಲೂ ಅದರ ತೂಕ ಇನ್‌ಪುಟ್ ಶಾಫ್ಟಿನ ಮೇಲೆ ಜೋತುಬೀಳದಂತೆ ಜಾಕ್ ಕೊಟ್ಟು ಹಿಡಿಯಬೇಕು. ಒಂದೇ ಕ್ಷಣ ಜೋತುಬಿದ್ದರೂ ಹೊಸ ಕ್ಲಚ್ ಪ್ಲೇಟು ಬಾಗುತ್ತದೆ, ಆಮೇಲೆ ಎಲ್ಲ ಗೇರುಗಳೂ ಕಿರ್ರೆನ್ನುತ್ತವೆ.

ಮಾರುವುದೇ ಸರಿ ಎಂದು ತೀರ್ಮಾನವಾದರೆ ಕೊಳ್ಳುವವರಿಗೆ ಗೇರ್ ಹಾರುವ ಸಂಗತಿಯನ್ನು ಹೇಳಿಯೇ ಮಾರಿ. ಅವರೂ ಇಳಿಯಬೇಕಾದದ್ದು ಅದೇ 27 ತಿರುವುಗಳನ್ನು. ಗುಜರಿಗೆ ಕೊಡುವುದಾದರೆ ನೋಂದಾಯಿತ ವಾಹನ ಗುಜರಿ ಕೇಂದ್ರಕ್ಕೇ ಕೊಟ್ಟು, ಠೇವಣಿ ಪ್ರಮಾಣಪತ್ರ ಪಡೆದು, ನೋಂದಣಿ ರದ್ದಾಗಿರುವುದನ್ನು ಖಚಿತಪಡಿಸಿಕೊಳ್ಳಿ. ನಿಮ್ಮ ಹೆಸರಿನ ನಂಬರ್ ಇನ್ನಾರದೋ ಗಾಡಿಯ ಮೇಲೆ ಓಡಾಡಬಾರದು.

ರಿಪೇರಿಯ ದಿನ ಬರುವವರೆಗೆ ಸಮತಟ್ಟು ರಸ್ತೆಯಲ್ಲಿ ಕಡಿಮೆ ಲೋಡಿನೊಂದಿಗೆ ಓಡಿಸುವಾಗ ಮೂರರಿಂದ ಎರಡಕ್ಕೆ ಡಬಲ್ ಕ್ಲಚ್ ಮಾಡಿ ಹಾಕಿ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಬಿಟ್ಟು ಆಕ್ಸಿಲರೇಟರನ್ನು ಒಮ್ಮೆ ಮೆಲ್ಲಗೆ ಒತ್ತಿ, ಮತ್ತೆ ಕ್ಲಚ್ ಒತ್ತಿ ಎರಡಕ್ಕೆ ಹಾಕಿ. ಸಿಂಕ್ರೊ ರಿಂಗು ಮಾಡಬೇಕಾದ ವೇಗ ಹೊಂದಿಸುವ ಕೆಲಸವನ್ನು ಆಗ ಇಂಜಿನ್ನೇ ಮಾಡಿಕೊಡುತ್ತದೆ; ಸಿಂಕ್ರೊ ಇಲ್ಲದ ಕಾಲದ ಲಾರಿ ಚಾಲಕರೆಲ್ಲ ಹೀಗೆಯೇ ಓಡಿಸುತ್ತಿದ್ದರು. ಓಡಿಸುವಾಗ ಕೈಯನ್ನು ಲಿವರಿನ ಮೇಲೂ, ಕಾಲನ್ನು ಕ್ಲಚ್ಚಿನ ಮೇಲೂ ಇಟ್ಟುಕೊಳ್ಳುವ ರೂಢಿ ಇದ್ದರೆ ಬಿಡಿ.

ರಿಪೇರಿಯಾದ ಮೇಲೆ ಮೊದಲ ಓಡಾಟ ಖಾಲಿ ಗಾಡಿಯಲ್ಲಿ, ಚಾಮರಾಜನಗರದ ದಾರಿಯಲ್ಲಿ ಇರಲಿ. ಮೂರನೇ ಗೇರಿನಲ್ಲಿ ಆಕ್ಸಿಲರೇಟರನ್ನು ಒತ್ತಿ, ಥಟ್ಟನೆ ಬಿಟ್ಟು, ಮತ್ತೆ ಒತ್ತಿ, ಮತ್ತೆ ಬಿಟ್ಟು ನೋಡಿ. ಲಿವರಿಗೆ ಕೈ ತಾಗಿಸಬೇಡಿ. ಹತ್ತಾರು ಸಲ ಹೀಗೆ ಮಾಡಿದರೂ ಗೇರ್ ಹಾರದಿದ್ದರೆ ಸಣ್ಣ ಇಳಿಜಾರಿನಲ್ಲಿ ಅರ್ಧ ಲೋಡಿನೊಂದಿಗೆ ಇದನ್ನೇ ಮಾಡಿ. ಸುಮಾರು 1,000 ಕಿಲೋಮೀಟರ್ ಓಡಿದ ಮೇಲೆ ಎಣ್ಣೆಯನ್ನು ಒಮ್ಮೆ ಬದಲಿಸಿ, ಅಯಸ್ಕಾಂತವನ್ನು ಒರೆಸಿ ನೋಡಿ. ಹೊಸ ಭಾಗಗಳು ಹೊಂದಿಕೊಳ್ಳುವಾಗ ಬರುವ ನುಣುಪು ಪುಡಿ ಇರಬಹುದು, ಚಕ್ಕೆ ಇರಬಾರದು. ಅದೇ ದಿನ ಕ್ಲಚ್ ಹೌಸಿಂಗಿನ ಮತ್ತು ಮೌಂಟುಗಳ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ, ಹಿಂದಿನ ಬ್ರೇಕ್ ಡ್ರಮ್ಮುಗಳನ್ನು ಬಿಚ್ಚಿಸಿ ಲೈನರಿನ ದಪ್ಪ ನೋಡಿಸಿ. ಗೇರ್ ಹಾರುತ್ತಿದ್ದ ಅಷ್ಟೂ ತಿಂಗಳು ಘಾಟಿಯಲ್ಲಿ ಇಂಜಿನ್ನಿನ ಪಾಲಿನ ಕೆಲಸವನ್ನು ಆ ಲೈನರುಗಳೇ ಮಾಡಿವೆ. ಅವು ಕರಿದಂತೆ ಹೊಳೆಯುತ್ತಿದ್ದರೆ, ಬಿರುಕು ಬಿಟ್ಟಿದ್ದರೆ, ಹೊಸದನ್ನು ಹಾಕಿಸಿದ ಮೇಲೆಯೇ ಲೋಡು ಹೇರಿ.